ದೆವ್ವ ಹುಡುಕೋ ಡಬ್ಬಿ: ಬಸವನಗುಡಿಯ ಹಳೇ ಮನೆಗೆ ಕಟ್ಟಿದ ಲಾಗರ್

ಕಾಂತಕ್ಷೇತ್ರ, ಉಷ್ಣಾಂಶ, ಅದುರಾಟವನ್ನು ಗಂಟೆ ನಿಮಿಷದ ಸಮೇತ ಬರೆದಿಡೋ ಲಾಗರ್ ಡಬ್ಬಿ ಈಗ ಓಡುತ್ತಿದೆ. ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ ಒಂದು ಆರ್ಡುಯಿನೊ ನ್ಯಾನೊ (ಪುಟ್ಟ ಕಂಪ್ಯೂಟರ್ ಬೋರ್ಡು), ಕೈಯಲ್ಲಿ ಸುತ್ತಿದ ಮೂರು ತಾಮ್ರದ ಕಾಯಿಲ್, ಒಂದು ಗಡಿಯಾರದ ಬೋರ್ಡು, ಮೆಮೊರಿ ಕಾರ್ಡು, ಎರಡು ಬ್ಯಾಟರಿ. ಹೊರಗೆ ಉದ್ದ ವೈರಿನ ತುದಿಯಲ್ಲಿ ಅದುರಿದರೆ ವೋಲ್ಟೇಜ್ ಕೊಡೋ ಒಂದು ಪೀಜೋ ಬಿಲ್ಲೆ, ಇನ್ನೊಂದು ವೈರಿನಲ್ಲಿ ಉಷ್ಣಾಂಶದ ಸೆನ್ಸರ್. ಒಂದು ವಿಷಯದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ, ಅದು ಕೊನೆಯಲ್ಲಿದೆ.

ದೆವ್ವ ಹುಡುಕೋದು ನನ್ನ ಹವ್ಯಾಸ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ತೊಂಬತ್ತರ ದಶಕದ ಬೆಂಗಳೂರು ಹುಡುಗ ನಾನು. ಹುಚ್ಚು ಅಲ್ಲಿಂದ ಹತ್ತಿದ್ದು. ಪಾಳು ಮನೆಗೆ ಬೇಲಿ ಹಾರಿ ನುಗ್ಗೋದು, ರಾತ್ರಿ ಕಲ್ಪಳ್ಳಿ ಸ್ಮಶಾನದಲ್ಲಿ ಮೊಬೈಲ್ ಹಿಡಿದು ಓಡಾಡೋದು, ಇವು ನನಗೆ ಆಗಿಬರಲ್ಲ. ಮನೆಯವರು ಕರೆದರೆ ಮಾತ್ರ ಹೋಗೋದು. ಈ ಸಲ ಕರೆದದ್ದು ಗೆಳೆಯನ ಅಜ್ಜಿ. ಬಸವನಗುಡಿಯಲ್ಲಿ ಹಳೇ ಮನೆ. ಮದ್ರಾಸ್ ತಾರಸಿ, ಮರದ ತೊಲೆ, ಮೇಲೆ ಅಟ್ಟ, ಅಟ್ಟಕ್ಕೆ ಹೋಗಲು ಇಕ್ಕಟ್ಟಾದ ಮರದ ಮೆಟ್ಟಿಲು.

ದೂರು ಎರಡು. ಒಂದು, ನಡುರಾತ್ರಿ ಅಟ್ಟದ ಮೇಲೆ ಯಾರೋ ನಡೆದಾಡಿದ ಸದ್ದು. ಇನ್ನೊಂದು, ಮೆಟ್ಟಿಲ ಕೆಳಗೆ ಹಾದು ಹೋಗುವಾಗ ಯಾರೋ ನಿಂತಿದ್ದಾರೆ ಅನ್ನಿಸೋದು. ‘ಹೆದರಿಕೆ ಏನಿಲ್ಲಪ್ಪ, ಆದ್ರೆ ಯಾರು ಅಂತ ಗೊತ್ತಾಗ್ಬೇಕಲ್ಲ’ ಅಂದರು ಅಜ್ಜಿ. ನ್ಯಾಷನಲ್ ಕಾಲೇಜು ನಾಲ್ಕು ಹೆಜ್ಜೆ ದೂರದಲ್ಲಿರೋ ಮನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಅದೇ ಕಾಲೇಜಿನ ಎಚ್. ನರಸಿಂಹಯ್ಯನವರು (ಎಚ್ಚೆನ್) ಪವಾಡ, ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ಮಾಡಿದ್ದು ಅಜ್ಜಿಗೆ ಚೆನ್ನಾಗಿ ನೆನಪಿದೆ. ‘ಎಚ್ಚೆನ್ ಇದ್ದಿದ್ರೆ ನಿನ್ನ ಡಬ್ಬಿನೇ ಮೊದಲು ಪರೀಕ್ಷೆ ಮಾಡ್ತಿದ್ರು’ ಅಂದರು. ಸರಿಯಾದ ಮಾತು. ಹಾಗಾಗಿ ಮೊದಲು ಡಬ್ಬಿಯ ಪರೀಕ್ಷೆಯೇ ನಡೆಯಿತು.

ಹಂತ 1: ಕೆ2 ಮೀಟರ್ ಯಾಕೆ ಸಾಲಲಿಲ್ಲ

ಗೆಳೆಯನ ಹತ್ತಿರ ಕೆ2 ಮೀಟರ್ ಇತ್ತು. ದೆವ್ವದ ಟಿವಿ ಕಾರ್ಯಕ್ರಮಗಳಲ್ಲಿ ಎಲ್ಲರ ಕೈಯಲ್ಲೂ ಇರುತ್ತಲ್ಲ, ಐದು ಬಣ್ಣದ ದೀಪದ ಬೂದು ಪೆಟ್ಟಿಗೆ, ಅದೇ. ಅದು ಮನೆಯ ವೈರಿಂಗು, ಕರೆಂಟ್ ಸಾಮಾನುಗಳ ಸುತ್ತ ಇರೋ ಕಾಂತಕ್ಷೇತ್ರ ಅಳೆಯಲು ಮಾಡಿದ ಸಾಧನ. ಅಳತೆ ಮಿಲಿಗಾಸ್ ಲೆಕ್ಕದಲ್ಲಿ. 1.5 ಮಿಲಿಗಾಸ್‌ಗೆ ಎರಡನೇ ದೀಪ, 2.5ಕ್ಕೆ ಮೂರನೆಯದು, 10ಕ್ಕೆ ನಾಲ್ಕು, 20 ದಾಟಿದರೆ ಕೆಂಪು.

ಮೆಟ್ಟಿಲ ಹತ್ತಿರ ಹಿಡಿದರೆ ಮೂರನೇ ದೀಪ ಹತ್ತಿತು. ಗೆಳೆಯ ಕುಣಿದ. ಮೀಟರನ್ನು ಕೈಯಲ್ಲೇ ಕಾಲು ಸುತ್ತು ತಿರುಗಿಸಿದೆ, ದೀಪ ಆರಿತು. ಒಳಗೆ ಇರೋದು ಒಂದೇ ದಿಕ್ಕಿನ ಕಾಯಿಲ್. ಹಿಡಿದ ಕೋನ ಬದಲಾದರೆ ರೀಡಿಂಗೂ ಬದಲು. ಪಕ್ಕದಲ್ಲಿ ಮೊಬೈಲಿಗೆ ಕಾಲ್ ಬಂದರಂತೂ ಐದೂ ದೀಪ ಕುಣಿಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಅದು ಏನನ್ನೂ ಬರೆದಿಡಲ್ಲ. ‘ಎರಡು ಗಂಟೆ ಸುಮಾರಿಗೆ ಹತ್ತಿತು’ ಅನ್ನೋದು ಕಥೆ. ‘2 ಗಂಟೆ 11 ನಿಮಿಷಕ್ಕೆ ಇಷ್ಟು’ ಅನ್ನೋದು ಬೇಕಿತ್ತು. ಹಾಗಾಗಿ ಸ್ವಂತ ಡಬ್ಬಿ.

ಹಂತ 2: ಸಾಮಾನು

ಎಸ್‌ಪಿ ರೋಡಿನ ಒಳಗಲ್ಲಿಗಳಲ್ಲಿ ಎಲ್ಲ ಸಿಕ್ಕಿತು. ಭಾನುವಾರ ಹೋಗಬೇಡಿ, ಮುಕ್ಕಾಲು ಪಾಲು ಬಾಗಿಲು ಹಾಕಿರುತ್ತೆ. ತಾಮ್ರದ ತಂತಿ ಮಾತ್ರ ಕಲಾಸಿಪಾಳ್ಯದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ, ತೂಕದ ಲೆಕ್ಕ.

ನ್ಯಾನೊ ಬೋರ್ಡು ₹280. ಡಿಎಸ್3231 ಗಡಿಯಾರ ₹130. ಮೆಮೊರಿ ಕಾರ್ಡ್ ಮಾಡ್ಯೂಲ್ ₹60, 16 ಜಿಬಿ ಕಾರ್ಡು ₹320. 0.96 ಇಂಚಿನ ಓಎಲ್ಇಡಿ ಪರದೆ ₹190. ಬಿಎಂಇ280 (ಉಷ್ಣಾಂಶ, ತೇವಾಂಶ, ಒತ್ತಡ) ₹310. ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯೋ ಚಿಪ್) ₹160. ಎಲ್ಎಂ358 ಐಸಿ (ಸಿಗ್ನಲ್ ಏರಿಸಲು) ಮತ್ತು ರೆಸಿಸ್ಟರ್, ಕೆಪಾಸಿಟರ್ ಸೇರಿ ₹60. 38 ಗೇಜ್ ತಂತಿ 100 ಗ್ರಾಂ ₹150. ಪೀಜೋ ಬಿಲ್ಲೆಗಳು ₹30. ಚಾರ್ಜಿಂಗ್ ಬೋರ್ಡು ಟಿಪಿ4056, ವೋಲ್ಟೇಜ್ ಏರಿಸೋ ಎಂಟಿ3608, ಎರಡೂ ಸೇರಿ ₹70. 18650 ಸೆಲ್ ಎರಡು ₹260. ಡಬ್ಬಿ, ವೈರು, ಕನೆಕ್ಟರ್ ₹140. ಕ್ಯಾಮೆರಾಕ್ಕೆ ಇನ್ಫ್ರಾರೆಡ್ ಎಲ್ಇಡಿ ₹60. ಒಟ್ಟು ₹2,220.

ಡಬ್ಬಿ ಪ್ಲಾಸ್ಟಿಕ್ಕೇ ಆಗಬೇಕು. ಮೊದಲು ಮನೆಯಲ್ಲಿದ್ದ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ಜೋಡಿಸಿದ್ದೆ. ಕಬ್ಬಿಣ ಕಾಂತಕ್ಷೇತ್ರವನ್ನೇ ತನ್ನ ಕಡೆ ಎಳೆದುಕೊಳ್ಳುತ್ತೆ, ಕಾಯಿಲ್‌ಗೆ ಏನೂ ಉಳಿಯಲ್ಲ.

ಮ್ಯಾಗ್ನೆಟೋಮೀಟರ್ ಕೊಳ್ಳುವವರಿಗೆ ಒಂದು ಮಾತು. ಬೋರ್ಡಿನ ಮೇಲೆ ಎಚ್ಎಂಸಿ5883ಎಲ್ ಅಂತ ಅಚ್ಚಾಗಿರುತ್ತೆ. ಒಳಗಿನ ಚಿಪ್ ಎಷ್ಟೋ ಸಲ ಕ್ಯೂಎಂಸಿ5883ಎಲ್ ಆಗಿರುತ್ತೆ. ಮೊದಲನೆಯದಕ್ಕೆ ಬರೆದ ಕೋಡ್ ಎರಡನೆಯದಕ್ಕೆ ನಡೆಯಲ್ಲ, ಬರೀ ಸೊನ್ನೆ ಬರುತ್ತೆ. ಜೋಡಿಸಿದ ಚಿಪ್ಪಿನ ಅಡ್ರೆಸ್ ಹೇಳೋ ಐ2ಸಿ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿ. ಅಡ್ರೆಸ್ ಡೆಸಿಮಲ್‌ನಲ್ಲಿ 30 ಬಂದರೆ ಎಚ್ಎಂಸಿ, 13 ಬಂದರೆ ಕ್ಯೂಎಂಸಿ. ನನಗೆ ಬಂದದ್ದು 13. ಲೈಬ್ರರಿ ಬದಲಿಸಿದ ಮೇಲೆ ಸರಿಹೋಯಿತು.

ಡಿಎಸ್3231 ಬೋರ್ಡಿನಲ್ಲೂ ಒಂದು ಬಲೆ ಇದೆ. ಅಗ್ಗದ ನೀಲಿ ಬೋರ್ಡಿನಲ್ಲಿ ಬ್ಯಾಟರಿ ಚಾರ್ಜ್ ಮಾಡೋ ಸರ್ಕ್ಯೂಟ್ ಇರುತ್ತೆ. ಅದಕ್ಕೆ ಮಾಮೂಲಿ ಸಿಆರ್2032 ಬಿಲ್ಲೆ ಹಾಕಿದರೆ ಚಾರ್ಜ್ ಆಗಬಾರದ ಸೆಲ್ ಚಾರ್ಜ್ ಆಗಿ ಉಬ್ಬುತ್ತೆ. ‘201’ ಅಂತ ಬರೆದಿರೋ ಚಿಕ್ಕ ರೆಸಿಸ್ಟರ್ ಕಿತ್ತುಬಿಡಿ. ಸಾಲ್ಡರಿಂಗ್ ಐರನ್ ತುದಿ ಇಟ್ಟು ತಳ್ಳಿದರೆ ಸಾಕು.

ಹಂತ 3: ಕಾಯಿಲ್ ಸುತ್ತೋದು

ಹೆಚ್ಚು ಹೊತ್ತು ತಿಂದದ್ದು ಇದು, ಹೆಚ್ಚು ಖುಷಿ ಕೊಟ್ಟದ್ದೂ ಇದೇ.

ಹೊರ ವ್ಯಾಸ 33 ಮಿ.ಮೀ. ಇರುವ ಪಿವಿಸಿ ಪೈಪಿನಿಂದ 15 ಮಿ.ಮೀ. ಅಗಲದ ಮೂರು ತುಂಡು ಕೊಯ್ದೆ. ಎರಡೂ ಬದಿಗೆ ಹಳೇ ಸಿಡಿಯಿಂದ ಕತ್ತರಿಸಿದ ಬಿಲ್ಲೆ ಅಂಟಿಸಿದರೆ ಬಾಬಿನ್ ತಯಾರು. ಒಂದೊಂದಕ್ಕೂ 1,000 ಸುತ್ತು. ಕೈಯಲ್ಲಿ ಎಣಿಸುತ್ತಾ ಕೂತರೆ ಮುನ್ನೂರರ ಹೊತ್ತಿಗೆ ಯಾರಾದರೂ ‘ಊಟ ಆಯ್ತಾ’ ಅಂತಾರೆ, ಲೆಕ್ಕ ಹೋಯಿತು. ಅದಕ್ಕೆ ಹಳೇ ಉಪಾಯ ಒಂದಿದೆ. ಹಳೇ ಕ್ಯಾಲ್ಕುಲೇಟರ್ ಬಿಚ್ಚಿ ‘=’ ಗುಂಡಿಯ ಎರಡು ತುದಿಗೆ ಅಯಸ್ಕಾಂತ ಹತ್ತಿರ ಬಂದರೆ ತಾನಾಗಿ ಒತ್ತಿಕೊಳ್ಳೋ ಒಂದು ರೀಡ್ ಸ್ವಿಚ್ ಬೆಸೆಯಿರಿ. ಡ್ರಿಲ್ ಮಷೀನಿನ ತಲೆಗೆ ಒಂದು ಚಿಕ್ಕ ಅಯಸ್ಕಾಂತ ಅಂಟಿಸಿ. 1 + 1 ಒತ್ತಿ ಬಿಟ್ಟರೆ ಡ್ರಿಲ್ ಒಂದು ಸುತ್ತು ತಿರುಗಿದ ಹಾಗೆ ಪರದೆಯಲ್ಲಿ ಒಂದೊಂದು ಏರುತ್ತೆ. ಡ್ರಿಲ್ ತೀರಾ ನಿಧಾನ ಇರಬೇಕು. ಜೋರಾದರೆ ಕ್ಯಾಲ್ಕುಲೇಟರ್ ಎಣಿಕೆ ಬಿಡುತ್ತೆ, ತಂತಿಯೂ ತುಂಡಾಗುತ್ತೆ.

38 ಗೇಜ್ ತಂತಿ ತಲೆಕೂದಲಿಗಿಂತ ಸ್ವಲ್ಪವೇ ದಪ್ಪ. ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಹತ್ತಿ ಬಟ್ಟೆ ಇಟ್ಟು ಅದರೊಳಗೆ ತಂತಿ ಜಾರಿಸಬೇಕು. ಬರಿಗೈಯಲ್ಲಿ ಹಿಡಿದರೆ ಬಿಗಿತ ಹೆಚ್ಚಿ ಪಟಕ್ ಅಂತ ಹೋಗುತ್ತೆ. ಮುಗಿದ ಮೇಲೆ ತುದಿಯ ಎನಾಮಲ್ ಕೆರೆದು ಮಲ್ಟಿಮೀಟರ್ ಹಚ್ಚಿ. 100 ಓಮ್ ಆಸುಪಾಸು ಬರಬೇಕು. 60 ಬಂದರೆ ಎಣಿಕೆ ತಪ್ಪಿದೆ, ಏನೂ ಬರದಿದ್ದರೆ ಒಳಗೆಲ್ಲೋ ತುಂಡಾಗಿದೆ. ಮೂರು ಕಾಯಿಲನ್ನೂ ಒಂದಕ್ಕೊಂದು ಲಂಬವಾಗಿ ಡಬ್ಬಿಯ ಒಂದು ಮೂಲೆಗೆ ಅಂಟಿಸಿದೆ. ಈಗ ಡಬ್ಬಿಯನ್ನು ಹೇಗೆ ತಿರುಗಿಸಿದರೂ ಒಟ್ಟು ಬೆಲೆ ಒಂದೇ.

1 ಮಿಲಿಗಾಸ್‌ಗೆ ಈ ಕಾಯಿಲ್ ಕೊಡೋದು ಸುಮಾರು 30 ಮೈಕ್ರೋವೋಲ್ಟ್. ನ್ಯಾನೊ ಅದನ್ನು ನೋಡಲಾರದು. ಎಲ್ಎಂ358ರ ಎರಡು ಹಂತದಲ್ಲಿ 22 ಪಟ್ಟು, ಮತ್ತೆ 22 ಪಟ್ಟು ಏರಿಸಿದೆ. ಚಿಕ್ಕ ವೋಲ್ಟೇಜೂ ಕಾಣಲಿ ಅಂತ ನ್ಯಾನೊದ ರೆಫರೆನ್ಸ್ (ಅದು ಅಳೆಯೋ ಗರಿಷ್ಠ ಮಿತಿ) 1.1 ವೋಲ್ಟಿಗೆ ಇಳಿಸಿದೆ. ಒಂದು ರೀಡಿಂಗ್ ಅಂದರೆ ಸರಿಯಾಗಿ 100 ಮಿಲಿಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಜ್, ಅಷ್ಟರಲ್ಲಿ ಐದು ಪೂರ್ತಿ ಅಲೆ ಸಿಗುತ್ತೆ. 90 ಇಟ್ಟರೆ ಅಂಕಿ ಸುಮ್ನೆ ಕುಣಿಯುತ್ತೆ.

ಕ್ಯಾಲಿಬ್ರೇಷನ್‌ಗೆ, ಅಂದರೆ ಅಂಕಿ ಸರಿ ಇದೆಯಾ ಅಂತ ತಾಳೆ ನೋಡಲು, ಇಸ್ತ್ರಿ ಪೆಟ್ಟಿಗೆ. 1,000 ವಾಟ್ ಪೆಟ್ಟಿಗೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪ್ ಎಳೆಯುತ್ತೆ. ನೇರವಾಗಿ ಹಿಡಿದ ಒಂಟಿ ವೈರಿನಲ್ಲಿ 1 ಆಂಪ್ ಹರಿದರೆ 20 ಸೆಂ.ಮೀ. ದೂರದಲ್ಲಿ 10 ಮಿಲಿಗಾಸ್. ಅಂದರೆ ನನಗೆ 43 ಬರಬೇಕು. ಮೊದಲ ಸಲ 1 ಕೂಡ ಬರಲಿಲ್ಲ. ಮಾಮೂಲಿ ಕೇಬಲ್ಲಿನಲ್ಲಿ ಹೋಗೋ ವೈರು, ಬರೋ ವೈರು ಅಕ್ಕಪಕ್ಕ ಇರುತ್ತವೆ, ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸಿಬಿಡುತ್ತೆ. ಎರಡನ್ನೂ ಬೇರೆ ಬೇರೆ ಇನ್ಸುಲೇಟೆಡ್ ವೈರ್ ಮಾಡಿ, ವಾಪಸ್ ಬರೋದನ್ನು 2 ಮೀಟರ್ ಆಚೆ ಓಡಿಸಿದ ಮೇಲೆ ಲೆಕ್ಕ ಕೂತಿತು. ಈ ವಿಷಯ ನೆನಪಿಟ್ಟುಕೊಳ್ಳಿ, ಮೆಟ್ಟಿಲ ಹತ್ತಿರ ಇದೇ ಕೆಲಸಕ್ಕೆ ಬಂತು.

ಹಂತ 4: ಡಬ್ಬಿಯೊಳಗಿನ ದೆವ್ವಗಳು

ನನ್ನ ಮನೆಯಲ್ಲೇ, ಏನೂ ಇಲ್ಲದ ರೂಮಿನಲ್ಲಿ ಡಬ್ಬಿ ಓಡಿಸಿದೆ. ಅಲ್ಲೇ ದೆವ್ವಗಳು ಸಾಲಾಗಿ ಬಂದವು.

ಮೊದಲಿಗೆ ಪರದೆ ಕಪ್ಪು. ನ್ಯಾನೊದಲ್ಲಿ ಇರೋದೇ 2,048 ಬೈಟ್ ಮೆಮೊರಿ. ಚಿತ್ರ ಬರೆಯೋ ಲೈಬ್ರರಿ ಓಎಲ್ಇಡಿಗೆ 1,024 ನುಂಗುತ್ತೆ, ಕಾರ್ಡ್ ಲೈಬ್ರರಿ 512. ಉಳಿದದ್ದು ಸಾಲದೆ ಪ್ರೋಗ್ರಾಂ ಮಧ್ಯದಲ್ಲೇ ಸಾಯುತ್ತೆ, ಎರರ್ ಕೂಡ ಹೇಳಲ್ಲ. ಅಕ್ಷರ ಮಾತ್ರ ತೋರಿಸೋ ಚಿಕ್ಕ ಲೈಬ್ರರಿಗೆ ಹೋದೆ. ಶುರುವಾದ ಕೂಡಲೇ ಕನ್ನಡದಲ್ಲಿ ‘ನಾಳೆ ಬಾ’ ಅಂತ ತೋರಿಸಬೇಕು ಅಂತ ಚಿತ್ರ ಬರೆದಿಟ್ಟಿದ್ದೆ, ಅದು ಹೋಯಿತು. ಬೇಜಾರಾಯಿತು.

ಆಮೇಲೆ ಪ್ರತಿ ಹತ್ತು ಸೆಕೆಂಡಿಗೆ ಒಮ್ಮೆ ಕಾಂತಕ್ಷೇತ್ರ ನೆಗೆಯುತ್ತಿತ್ತು. ದೆವ್ವಕ್ಕೆ ಅಷ್ಟು ಶಿಸ್ತು ಇರಲ್ಲ ಅಲ್ವಾ? ಕಾರ್ಡಿಗೆ ಬರೆಯೋದು ಹತ್ತು ಸೆಕೆಂಡಿಗೆ ಒಮ್ಮೆ. ಬರೆಯುವಾಗ ಕರೆಂಟ್ ಥಟ್ಟನೆ ಎಳೆದು ವೋಲ್ಟೇಜ್ ಕುಸಿಯುತ್ತೆ. ಕಾರ್ಡ್ ಮಾಡ್ಯೂಲಿನ ಪಕ್ಕ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಬರೆಯೋವಾಗ ಅಳೆಯಬಾರದು ಅಂತ ಕೋಡ್ ಬದಲಿಸಿದೆ. ಎಂಟಿ3608 ಬೋರ್ಡು ಕೂಡ ಕಾಯಿಲ್‌ಗೆ ಗಲಾಟೆ ಕೊಡುತ್ತೆ. ಡಬ್ಬಿಯ ಎದುರು ಮೂಲೆಗೆ ತಳ್ಳಿದೆ.

ಕೊನೆಗೆ ‘ಕೋಲ್ಡ್ ಸ್ಪಾಟ್’, ದೆವ್ವ ಇದ್ದ ಕಡೆ ಗಾಳಿ ತಣ್ಣಗಾಗುತ್ತೆ ಅಂತಾರಲ್ಲ, ಅದು. ಲಾಗ್‌ನಲ್ಲಿ ಇದ್ದಕ್ಕಿದ್ದ ಹಾಗೆ 1.8 ಡಿಗ್ರಿ ಇಳಿಕೆ. ದೆವ್ವದ ಹವ್ಯಾಸದವರಿಗೆ ಇದಕ್ಕಿಂತ ರೋಮಾಂಚನ ಬೇರೆ ಇಲ್ಲ. ಆದರೆ ಇಳಿಕೆ ಯಾವಾಗಲೂ ಪರದೆ ತಾನಾಗಿ ಆರಿದ ಮೇಲೇ ಶುರು. ಸೆನ್ಸರ್ ಡಬ್ಬಿಯೊಳಗೇ ಇತ್ತು. ಪರದೆ, ನ್ಯಾನೊ, ಚಾರ್ಜಿಂಗ್ ಬೋರ್ಡಿನ ಬಿಸಿಯನ್ನೇ ಅಳೆಯುತ್ತಿತ್ತು. ಸೆನ್ಸರನ್ನು 40 ಸೆಂ.ಮೀ. ವೈರಿನಲ್ಲಿ ಹೊರಗೆ ನೇತುಹಾಕಿದೆ, ಕೋಲ್ಡ್ ಸ್ಪಾಟ್ ಮಾಯ. ಜನ ಕೈಯಲ್ಲಿ ಹಿಡಿದು ತೋರಿಸೋ ಎಷ್ಟೋ ಕೋಲ್ಡ್ ಸ್ಪಾಟ್‌ಗಳ ಮೇಲೆ ನನಗೆ ಅವತ್ತಿನಿಂದ ಅನುಮಾನ.

ಹಂತ 5: ಕೈಬಿಟ್ಟ ಎರಡು ಪ್ರಯೋಗ

ಸ್ಪಿರಿಟ್ ಬಾಕ್ಸ್. ಅಮೆರಿಕದ ಫ್ರಾಂಕ್ ಸಂಪ್ಷನ್ 2002ರಲ್ಲಿ ಕಟ್ಟಿದ ಯಂತ್ರದ ವಂಶ ಇದು. ರೇಡಿಯೋ ಸ್ಟೇಷನ್‌ಗಳನ್ನು ಎಲ್ಲೂ ನಿಲ್ಲದೆ ಸರಸರ ಬದಲಿಸುತ್ತಾ ಹೋಗೋದು, ಮಧ್ಯೆ ಕೇಳೋ ಮಾತು ಆತ್ಮದ್ದು ಅಂತ ನಂಬೋದು. ಅಗ್ಗದ ಎಫ್ಎಂ ಮಾಡ್ಯೂಲ್ ಒಂದನ್ನು ನ್ಯಾನೊಗೆ ಜೋಡಿಸಿ ಮಾಡಿದೆ. ಬೆಂಗಳೂರಿನಲ್ಲಿ ಎಫ್ಎಂ ತುಂಬಿ ತುಳುಕುತ್ತೆ. ‘ಯಾರಿದ್ದೀರಿ’ ಅಂತ ಕೇಳಿದರೆ ದೇವನಹಳ್ಳಿ ಹತ್ತಿರ ಸೈಟಿದೆ, ಬುಕ್ ಮಾಡಿ ಅಂತ ಉತ್ತರ. ಬಿಚ್ಚಿ ಇಟ್ಟೆ.

ಇನ್ಫ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ತಗ್ಗಿನ ಸದ್ದು. ಇದರ ಮೇಲೆ ನನಗೆ ಆಸೆ ಇತ್ತು. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಬೂದು ಆಕೃತಿ ಕಂಡ. ಹೊಸ ಫ್ಯಾನಿನಿಂದ ಹುಟ್ಟಿದ 19 ಹರ್ಟ್ಜ್ ಹತ್ತಿರದ, ಕಿವಿಗೆ ಕೇಳದ ಅಲೆ ಕಾರಣ ಅಂತ 1998ರಲ್ಲಿ ಬರೆದ. ಅದನ್ನು ಹಿಡಿಯೋಣ ಅಂತ ಮಾಮೂಲಿ ಎಲೆಕ್ಟ್ರೆಟ್ ಮೈಕ್ ಹಾಕಿದೆ. 20 ಹರ್ಟ್ಜ್ ಕೆಳಗೆ ಅದರ ಕಿವಿ ಮಂದ. ಬಿಎಂಇ280ರ ಒತ್ತಡದ ಅಂಕಿಯಲ್ಲಿ ನೋಡೋಣ ಅಂದರೆ ಬಾಗಿಲು ಮುಚ್ಚಿದ್ದು ಸೊಗಸಾಗಿ ಕಾಣುತ್ತೆ, ಅಲೆ ಕಾಣಲ್ಲ. ಸರಿಯಾದ ಮೈಕಿಗೆ ಡಬ್ಬಿಯ ಇಡೀ ಖರ್ಚಿಗಿಂತ ಜಾಸ್ತಿ. ಅಲ್ಲಿಗೆ ಬಿಟ್ಟೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು ರೂಮನ್ನೇ ಕಟ್ಟಿ, ಜನರನ್ನು ಒಳಗೆ ಬಿಟ್ಟು ಕಾಂತಕ್ಷೇತ್ರ, ಇನ್ಫ್ರಾಸೌಂಡ್ ಎರಡನ್ನೂ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಜನರಿಗೆ ವಿಚಿತ್ರ ಅನುಭವ ಆದದ್ದು ನಿಜ, ಯಂತ್ರ ಆನ್ ಇತ್ತೋ ಆಫ್ ಇತ್ತೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ. ಹಾಗಾಗಿ ದೊಡ್ಡ ನಷ್ಟ ಅನ್ನಿಸಲಿಲ್ಲ.

ಹಂತ 6: ಕ್ಯಾಮೆರಾ

ಹಳೇ ಯುಎಸ್‌ಬಿ ವೆಬ್‌ಕ್ಯಾಮ್ ಬಿಚ್ಚಿ ಲೆನ್ಸ್ ಹಿಂದಿನ ಕೆಂಪು ಛಾಯೆಯ ಗಾಜಿನ ಚೂರು ತೆಗೆದೆ. ಇನ್ಫ್ರಾರೆಡ್ ತಡೆಯೋ ಫಿಲ್ಟರ್ ಅದು. ಬ್ಲೇಡ್ ತುದಿ ಹಾಕಿ ಮೆಲ್ಲಗೆ ಎಬ್ಬಿಸಬೇಕು. ಅದು ಹೋದ ಮೇಲೆ ಫೋಕಸ್ ತಪ್ಪುತ್ತೆ, ಲೆನ್ಸನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಕೂರಿಸಿಕೊಳ್ಳಿ. ಕೆಲಸ ಆಯಿತೋ ಅಂತ ನೋಡಲು ಟಿವಿ ರಿಮೋಟ್ ಎದುರು ಹಿಡಿದು ಗುಂಡಿ ಒತ್ತಿ. ತುದಿ ಬೆಳಗಬೇಕು. ಬೆಳಕಿಗೆ 850 ನ್ಯಾನೋಮೀಟರ್ ಎಲ್ಇಡಿ ತಗೊಂಡೆ. 940ರದ್ದು ಕಣ್ಣಿಗೆ ಒಂಚೂರೂ ಕಾಣಲ್ಲ, ಆದರೆ ವೆಬ್‌ಕ್ಯಾಮಿಗೂ ಕಡಿಮೆಯೇ ಕಾಣುತ್ತೆ.

ಎಲ್ಇಡಿಗಳನ್ನು ಲೆನ್ಸ್ ಸುತ್ತ ಉಂಗುರದ ಹಾಗೆ ಕೂರಿಸಿದೆ. ಅಟ್ಟದಲ್ಲಿಟ್ಟ ಮೊದಲ ರಾತ್ರಿಯೇ ತೇಲಾಡೋ ಬೆಳಕಿನ ಗುಂಡುಗಳು. ದೆವ್ವದ ಕೂಟಗಳಲ್ಲಿ ‘ಆರ್ಬ್’ ಅಂತ ಪೂಜೆ ಮಾಡೋದು ಇವಕ್ಕೇ. ಗೆಳೆಯನಿಗೆ ಹಳೇ ಹಾಸಿಗೆ ಕೊಡವು ಅಂದೆ. ‘ಲೋ, ನೂರು ಆತ್ಮ ಒಟ್ಟಿಗೆ ಬಂದ್ವು’ ಅಂದ. ಲೆನ್ಸ್ ಹತ್ತಿರದ ಧೂಳಿಗೆ ಬೆಳಕು ಬಡಿದು ನೇರ ಲೆನ್ಸಿಗೇ ವಾಪಸ್ ಬರುತ್ತೆ, ಅಷ್ಟೇ. ಎಲ್ಇಡಿಗಳನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಇಟ್ಟೆ. ಅಷ್ಟೇ ಧೂಳು, ಗುಂಡುಗಳು ಮಾತ್ರ ಇಲ್ಲ.

ಹಂತ 7: ಅಟ್ಟದ ನಡಿಗೆ

35 ಮಿ.ಮೀ. ಪೀಜೋ ಬಿಲ್ಲೆಯನ್ನು ತೊಲೆಗೆ ಹಚ್ಚಬೇಕು. ಸ್ಪಂಜಿನ ಡಬಲ್ ಟೇಪಿನಲ್ಲಿ ಅಂಟಿಸಿದರೆ ಏನೂ ದಾಖಲಾಗಲಿಲ್ಲ, ಸ್ಪಂಜು ಅದುರಿದ್ದನ್ನೆಲ್ಲ ಕುಡಿಯುತ್ತೆ. ಎಂ-ಸೀಲ್ ಹಾಕಲು ಅಜ್ಜಿ ಒಪ್ಪಲಿಲ್ಲ. ಕೊನೆಗೆ ಬಡಗಿಯ ಜಿ-ಕ್ಲಾಂಪಿನಲ್ಲಿ ಬಿಗಿದೆ. ಬಿಲ್ಲೆಗೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್, 5.1 ವೋಲ್ಟ್ ಜೀನರ್ (ವೋಲ್ಟೇಜ್ ಮಿತಿಯಲ್ಲಿಡೋ ಡಯೋಡು). ವೈರು 4 ಮೀಟರ್, ಮೈಕಿಗೆ ಬಳಸೋ ಶೀಲ್ಡೆಡ್ ವೈರೇ ಆಗಬೇಕು. ಸಾದಾ ವೈರು ಆಂಟೆನಾ ಆಗಿ ಕರೆಂಟಿನ ಗುಂಯ್‌ಗುಡುವಿಕೆ ತುಂಬಿಕೊಳ್ಳುತ್ತೆ. ಒಂದು ನಿಮಿಷದಲ್ಲಿ ಎಷ್ಟು ಬಡಿತ ಅಂತ ಎಣಿಸಿ, ಗಂಟೆ ನಿಮಿಷದ ಜೊತೆ ಕಾರ್ಡಿಗೆ.

ಸಂಜೆ ಏಳರಿಂದ ಒಂಬತ್ತರವರೆಗೆ ಚಿಕ್ಕ ಚಿಕ್ಕ ಬಡಿತ, ಉಷ್ಣಾಂಶ ಇಳಿಯೋ ಹೊತ್ತಿಗೆ ಸರಿಯಾಗಿ. ಮೆಟ್ಟಿಲ ಮೇಲಿನ ತಗಡಿನ ಶೀಟು ತಣ್ಣಗಾಗಿ ಕುಗ್ಗುವ ಸದ್ದು, ಹೊರಗೆ ನಿಂತರೇ ಕೇಳುತ್ತೆ. ಅಜ್ಜಿಯ ದೂರು ಅದಲ್ಲ. ದೊಡ್ಡ ಬಡಿತಗಳ ಗುಂಪು ರಾತ್ರಿ 2 ಗಂಟೆ ದಾಟಿದ ಮೇಲೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಆದರೆ ಎಲ್ಲ ರಾತ್ರಿಯೂ ಅಲ್ಲ. ಕ್ಯಾಮೆರಾದಲ್ಲಿ ಇಲಿ ಇಲ್ಲ, ಬೆಕ್ಕಿಲ್ಲ, ಏನೂ ಇಲ್ಲ. ನಿಜ ಹೇಳಬೇಕೆಂದರೆ ಅವತ್ತು ಮೈ ಜುಮ್ಮೆಂದಿತು.

ಗ್ರಾಫ್ ಪ್ರಿಂಟ್ ತೆಗೆಸಿ ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಕೆಳಗೆ ಬರೆದ ವಾರಗಳನ್ನು ಬೆರಳಿಟ್ಟು ಓದಿದರು. ‘ಮಂಗಳವಾರ, ಗುರುವಾರ, ಶನಿವಾರ, ಸೋಮವಾರ... ಇದು ಕಾವೇರಿ ನೀರು ಬಿಡೋ ದಿನ ಕಣೋ!’

ಆ ಬೀದಿಗೆ ದಿನ ಬಿಟ್ಟು ದಿನ, ನಡುರಾತ್ರಿ ಮೇಲೆ ನೀರು. ಸಂಪು ಕಟ್ಟಿಸೋ ಮೊದಲು ಅಟ್ಟದ ತೊಟ್ಟಿಗೆ ಹೋಗುತ್ತಿದ್ದ ಹಳೇ ಕಬ್ಬಿಣದ ಪೈಪು ಇನ್ನೂ ಗೋಡೆಯಲ್ಲಿತ್ತು. ತುದಿ ಮುಚ್ಚಿದ್ದರು, ಬುಡ ಕಡಿದಿರಲಿಲ್ಲ. ನೀರು ಬಿಟ್ಟಾಗ ಪೈಪಿನೊಳಗಿನ ಗಾಳಿ ಒತ್ತಿಕೊಂಡು, ಸಡಿಲಾದ ಕ್ಲಾಂಪಿನಲ್ಲಿ ಪೈಪು ತೊಲೆಗೆ ಡಬ್, ಡಬ್ ಅಂತ ಬಡಿಯುತ್ತಿತ್ತು. ಹೊಸ ಕ್ಲಾಂಪ್ ಎರಡು, ಸೈಕಲ್ ಟ್ಯೂಬಿನ ತುಂಡು, ₹90. ಮುಂದಿನ ನೀರಿನ ರಾತ್ರಿ ಲಾಗ್‌ನಲ್ಲಿ ತಗಡಿನ ಸದ್ದು ಬಿಟ್ಟರೆ ಏನಿಲ್ಲ. ಬುಡ ಕಡಿಸೋ ಪ್ಲಂಬರ್ ಇನ್ನೂ ಬರಬೇಕು.

ಹಂತ 8: ಮೆಟ್ಟಿಲ ಕೆಳಗೆ

ಡಬ್ಬಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಒಂದೊಂದೇ ಸ್ವಿಚ್ ಹಾಕಿ ತೆಗೆದು ನೋಡಿದೆವು. ಮೆಟ್ಟಿಲ ಲೈಟು ಹಾಕಿದಾಗ ಮಾತ್ರ 3 ಮಿಲಿಗಾಸ್. ಅಲ್ಲಿ ಇನ್ನೂ 100 ವಾಟಿನ ಹಳೇ ಬಲ್ಬು. ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್. ಯಾರೋ ಹಿಂದೆ ವೈರಿಂಗ್ ಮಾಡಿದವರು ಫೇಸನ್ನು ಕೆಳಗಿನಿಂದ, ನ್ಯೂಟ್ರಲನ್ನು ಅಟ್ಟದ ಲೈನಿನಿಂದ ಕೊಟ್ಟಿದ್ದರು. ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ. ಇಸ್ತ್ರಿ ಪೆಟ್ಟಿಗೆಗೆ ನಾನು ಬೇಕಂತಲೇ ಮಾಡಿದ್ದು ಇಲ್ಲಿ ತಾನಾಗಿ ಆಗಿತ್ತು. ಮೆಟ್ಟಿಲ ಜಾಗ ಪೂರ್ತಿ ಒಂದು ದೊಡ್ಡ ಕಾಯಿಲ್. ಕೆ2 ಮೀಟರಿನ ಮೂರನೇ ದೀಪ ಇದೇ. ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಸರಿ ಮಾಡಿದರು, ₹600. ಇಂಥ ನ್ಯೂಟ್ರಲ್ ಶಾಕ್ ಹೊಡೆಯೋ ಸಾಮಾನು, ದೆವ್ವ ಇರಲಿ ಬಿಡಲಿ ಸರಿಪಡಿಸಲೇಬೇಕು.

ಆದರೆ ಅಜ್ಜಿಗೆ ‘ಯಾರೋ ನಿಂತಿದ್ದಾರೆ’ ಅನ್ನಿಸೋದು ಬೆಳಗ್ಗೆ, ಸ್ನಾನ ಮುಗಿಸಿ ದೇವರ ಮನೆಗೆ ಹೋಗುವಾಗ. ಆಗ ಲೈಟು ಆಫ್. ಕಾಂತಕ್ಷೇತ್ರ ಕಾರಣ ಅಲ್ಲ.

ಮೆಟ್ಟಿಲ ಪಕ್ಕಕ್ಕೆ ಬಚ್ಚಲು. ಒಳಗೆ ಗ್ಯಾಸ್ ಗೀಸರ್. ಒಂದೇ ಚಿಕ್ಕ ಕಿಟಕಿ, ಚಳಿಗೆ ಅಂತ ಪ್ಲಾಸ್ಟಿಕ್ ಹೊಡೆದಿದ್ದರು. ನನಗೆ ನೆನಪಾದದ್ದು 1921ರ ಒಂದು ವರದಿ. ವಿಲ್ಮರ್ ಅನ್ನೋ ಕಣ್ಣಿನ ಡಾಕ್ಟರು ಅಮೆರಿಕದ ಆಫ್ತಾಲ್ಮಾಲಜಿ ಪತ್ರಿಕೆಯಲ್ಲಿ ಬರೆದದ್ದು. ಹಳೇ ಮನೆಗೆ ಬಂದ ಕುಟುಂಬಕ್ಕೆ ಹೆಜ್ಜೆ ಸದ್ದು, ಯಾರೋ ಇದ್ದ ಹಾಗೆ ಭಾಸ, ತಲೆನೋವು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡೋ ಒಲೆ ಕೆಟ್ಟು ಬಂದ ಕಾರ್ಬನ್ ಮಾನಾಕ್ಸೈಡ್, ವಾಸನೆ ಬಣ್ಣ ಇಲ್ಲದ ವಿಷಾನಿಲ. ಗ್ಯಾಸ್ ಗೀಸರಿನಿಂದ ಬಚ್ಚಲಲ್ಲೇ ಜೀವ ಹೋದ ಸುದ್ದಿ ನಮ್ಮೂರಿನ ಪೇಪರಿನಲ್ಲೂ ಆಗಾಗ ಬರುತ್ತಲ್ಲ.

ಆ ಅನಿಲ ಅಳೆಯೋ ಎಂಕ್ಯೂ-7 ಸೆನ್ಸರನ್ನು ಡಬ್ಬಿಗೇ ಸೇರಿಸಲು ನೋಡಿದೆ. ಅದರ ಹೀಟರಿಗೆ 60 ಸೆಕೆಂಡ್ 5 ವೋಲ್ಟ್, 90 ಸೆಕೆಂಡ್ 1.4 ವೋಲ್ಟ್, ಹೀಗೆ ಬದಲಿಸುತ್ತಲೇ ಇರಬೇಕು. ಮೊದಲ ಬಳಕೆಗೆ 48 ಗಂಟೆ ಕಾಯಿಸಬೇಕು. ಬ್ಯಾಟರಿಯನ್ನು ನೀರಿನ ಹಾಗೆ ಕುಡಿಯುತ್ತೆ. ಜೊತೆಗೆ ಜೀವದ ಪ್ರಶ್ನೆ ಇರೋ ಕಡೆ ನನ್ನ ಕ್ಯಾಲಿಬ್ರೇಷನ್ ನಂಬಬಾರದು ಅನ್ನಿಸಿತು. ಅಂಕಿ ತೋರಿಸೋ ರೆಡಿಮೇಡ್ ಅಲಾರಂ ₹1,850 ಕೊಟ್ಟು ತಂದೆ.

ಬೆಳಗ್ಗೆ ಅಜ್ಜಿಯ ಸ್ನಾನ ಮುಗಿಯೋ ಹೊತ್ತಿಗೆ ಮೆಟ್ಟಿಲ ಕೆಳಗೆ 48 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 48 ಪಾಲು). ಅಲಾರಂ ಕೂಗಲಿಲ್ಲ. ಅದು ಕೂಗೋ ನಿಯಮವೇ ಹಾಗೆ, 70 ಪಿಪಿಎಂ ಇದ್ದರೂ ಒಂದು ಗಂಟೆಯಾದರೂ ಕಾಯುತ್ತೆ. ಅಂಕಿ ನೋಡಿದ್ದಕ್ಕೆ ಗೊತ್ತಾಯಿತು. ಆಮೇಲೆ ಒಳಗೆ ಯಾರೂ ಇಲ್ಲದೆ, ಅಲಾರಂ ಬಚ್ಚಲಲ್ಲಿಟ್ಟು, ಗೀಸರ್ ಹಾಕಿ ಬಾಗಿಲು ಮುಚ್ಚಿದೆವು. ಹತ್ತು ನಿಮಿಷಕ್ಕೆ ಬಾಗಿಲ ಸಂದಿಯಿಂದ ನೋಡಿದರೆ 180 ದಾಟಿತ್ತು. ತಕ್ಷಣ ಗ್ಯಾಸ್ ಬಂದ್ ಮಾಡಿ, ಕಿಟಕಿಯ ಪ್ಲಾಸ್ಟಿಕ್ ಕಿತ್ತು, ಅಜ್ಜಿಯನ್ನು ಹಿತ್ತಲಿಗೆ ಕೂರಿಸಿದೆವು. ‘ದಿನಾ ತಲೆನೋವು ಬರುತ್ತೆ, ವಯಸ್ಸಾಯ್ತಲ್ಲ ಅಂದ್ಕೊಂಡಿದ್ದೆ’ ಅಂದರು.

ಗೀಸರ್ ಈಗ ಹಿತ್ತಲ ಗೋಡೆಯ ಹೊರಗಿದೆ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರುತ್ತೆ. ಮೆಟ್ಟಿಲ ಕೆಳಗೆ ಅಂಕಿ ಸೊನ್ನೆ. ತಲೆನೋವು ಹೋಗಿದೆ. ‘ಯಾರೋ’ ಮಾತ್ರ ಪೂರ್ತಿ ಹೋಗಿಲ್ಲವಂತೆ, ಒಂದೊಂದು ಬೆಳಗ್ಗೆ ಇನ್ನೂ ಇರುತ್ತಾರಂತೆ. ಅದಕ್ಕೆ ನನ್ನ ಹತ್ತಿರ ಕಾರಣ ಇಲ್ಲ, ಲಾಗ್‌ನಲ್ಲೂ ಏನೂ ಇಲ್ಲ. ಡಬ್ಬಿ ಅಲ್ಲೇ ಇರಲಿ ಅಂದಿದ್ದಾರೆ ಅಜ್ಜಿ.

ಇನ್ನು ಮುಂದೆ ಯಾರ ಮನೆಗೆ ಹೋದರೂ ಬ್ಯಾಗಿನಿಂದ ಮೊದಲು ಹೊರಬರೋದು ಕಾರ್ಬನ್ ಮಾನಾಕ್ಸೈಡ್ ಅಲಾರಂ. ಕೆ2 ಮೀಟರನ್ನು ಗೆಳೆಯನಿಗೆ ವಾಪಸ್ ಕೊಟ್ಟೆ.

ಈಗ ಸಿಕ್ಕಿಕೊಂಡಿರೋದು

ಬ್ಯಾಟರಿ. ಡಬ್ಬಿ 5 ವೋಲ್ಟಿನಲ್ಲಿ 70 ಮಿಲಿಆಂಪ್ ಎಳೆಯುತ್ತೆ. ಎರಡು ಸೆಲ್ ಒಂದೂವರೆ ದಿನಕ್ಕೆ ಖಾಲಿ. ಅಜ್ಜಿಯ ಬೆಳಗ್ಗೆಗಳಿಗೆ ವಾರಗಟ್ಟಲೆ ಓಡಬೇಕು. ಮೊಬೈಲ್ ಚಾರ್ಜರ್ ಹಾಕಿದರೆ ಕಾಯಿಲ್‌ನಲ್ಲಿ ಸದಾ 1.5 ಮಿಲಿಗಾಸ್ ಕೂರುತ್ತೆ. ಚಾರ್ಜರನ್ನು 3 ಮೀಟರ್ ದೂರ ಇಟ್ಟರೆ ಕಾಯಿಲ್ ಸರಿ, ಆದರೆ ವೈರಿನಿಂದ ಬರೋ ಗದ್ದಲ ಪೀಜೋಗೆ ಸೇರಿಕೊಳ್ಳುತ್ತೆ. ಸದ್ಯ ನ್ಯಾನೊ ಮೇಲಿನ ಪವರ್ ಎಲ್ಇಡಿ ಕಿತ್ತಿದ್ದೇನೆ, ಪರದೆ ಗುಂಡಿ ಒತ್ತಿದರೆ ಮಾತ್ರ ಹತ್ತುತ್ತೆ. 70 ಇದ್ದದ್ದು 48ಕ್ಕೆ ಬಂದಿದೆ. ಮುಂದಿನ ಕೆಲಸ ಎಂಟಿ3608 ತೆಗೆದು ಎಲ್ಲವನ್ನೂ 3.3 ವೋಲ್ಟಿನಲ್ಲಿ ಓಡಿಸೋದು, ಎರಡು ರೀಡಿಂಗ್ ನಡುವೆ ನ್ಯಾನೊವನ್ನು ಮಲಗಿಸೋದು. ಮಲಗಿದಾಗ ಪೀಜೋ ಬಡಿತ ತಪ್ಪಿಹೋಗಬಾರದು. ಅದಕ್ಕೆ ಬಡಿತವೇ ಇಂಟರಪ್ಟ್ ಕೊಟ್ಟು ಎಬ್ಬಿಸೋ ಹಾಗೆ ಒಂದು ಕಂಪ್ಯಾರೇಟರ್ (ವೋಲ್ಟೇಜ್ ಮಿತಿ ದಾಟಿದರೆ ಸೂಚನೆ ಕೊಡೋ ಚಿಪ್) ಸೇರಿಸಬೇಕು. ಎಲ್ಎಂ393 ತಂದಿಟ್ಟಿದ್ದೇನೆ, ಬೆಸೆಯೋದು ಬಾಕಿ.